ವಾಲ್ವ್ ಬಂದ್ ಮಾಡಿದ್ದೆವು, ಆದರೂ ಆವಿ ಬಂತು

ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ಖಾನೆಯ ಪೈಪ್‌ಲೈನ್ ಮತ್ತು ಐಸೊಲೇಶನ್ ವಾಲ್ವ್

ಪಣಂಬೂರಿನಿಂದ ಮಲ್ಪೆಯವರೆಗೆ ನಮ್ಮ ಕರಾವಳಿಯ ಪೈಪುಗಳಲ್ಲಿ ಏನೆಲ್ಲ ಹರಿಯುತ್ತದೆ: ಕಚ್ಚಾತೈಲ, ಅಮೋನಿಯ, ಗೇರುಬೀಜ ಬೇಯಿಸುವ ಆವಿ, ಹೋಟೆಲಿನ ಗ್ಯಾಸ್. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಿಪೇರಿಗೆ ಮೊದಲು ಲೈನನ್ನು ಬೇರ್ಪಡಿಸುವ ಐಸೊಲೇಶನ್ ವಾಲ್ವ್‌ನ ಬಗ್ಗೆಯೇ ಇದ್ದವು. ಬರೆದವರ ಹೆಸರನ್ನೂ ಕಾರ್ಖಾನೆಯ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಗೇರುಬೀಜದ ಕಾರ್ಖಾನೆ. ಕುಕ್ಕರಿಗೆ ಹೋಗುವ 2 ಇಂಚಿನ ಆವಿ ಲೈನಿನ ಗ್ಯಾಸ್ಕೆಟ್ ಬದಲಿಸಲಿಕ್ಕೆ ಗೇಟ್ ವಾಲ್ವ್ ಬಿಗಿಯಾಗಿ ಬಂದ್ ಮಾಡಿದ್ದೆವು. ಎರಡು ಬೋಲ್ಟ್ ಸಡಿಲಿಸಿದ್ದೇ ತಡ, ಬಿಸಿನೀರು ಚಿಮ್ಮಿತು, ಅದರ ಹಿಂದೆಯೇ ಆವಿ. ಫಿಟ್ಟರನ ಮುಂಗೈ ಸುಟ್ಟಿತು. ವಾಲ್ವ್ ಹಾಕಿ ಒಂದೂವರೆ ವರ್ಷ ಆಯಿತಷ್ಟೆ. ವಾಲ್ವ್ ಹಾಳಾಗಿದೆಯೋ, ನಮ್ಮದೇ ತಪ್ಪೋ? (ಬಾಯ್ಲರ್ ಅಟೆಂಡೆಂಟ್, ಕಾರ್ಕಳ)

ಉತ್ತರ: ಮೊದಲು ಬಂದ ನೀರಿಗೂ ಆಮೇಲೆ ಬಂದ ಆವಿಗೂ ಕಾರಣ ಬೇರೆ ಬೇರೆ.

ನೀರು ವಾಲ್ವ್ ದಾಟಿ ಬಂದದ್ದಲ್ಲ. ವಾಲ್ವ್‌ನಿಂದ ಆಚೆ ಪೈಪಿನಲ್ಲೇ ನಿಂತಿದ್ದ ಕಂಡೆನ್ಸೇಟ್ (ಆವಿ ತಣಿದು ಆದ ನೀರು) ಅದು. ಬಾಯ್ಲರ್ 7 ಬಾರ್‌ನಲ್ಲಿ ನಡೆಯುತ್ತಿದ್ದರೆ ಆ ನೀರಿನ ಬಿಸಿ 170 ಡಿಗ್ರಿಯ ಹತ್ತಿರ ಇರಬಹುದು. ಪೈಪಿನೊಳಗೆ ಒತ್ತಡ ಇರುವಷ್ಟು ಹೊತ್ತು ಮಾತ್ರ ಅದು ನೀರು. ಫ್ಲ್ಯಾಂಜ್ (ಎರಡು ಪೈಪುಗಳನ್ನು ಬೋಲ್ಟ್ ಹಾಕಿ ಕೂಡಿಸುವ ಬಳೆ) ಸಂದು ಬಿಟ್ಟ ಕೂಡಲೇ ಅದರಲ್ಲಿ ಸುಮಾರು ಎಂಟನೇ ಒಂದು ಪಾಲು ಥಟ್ಟನೆ ಆವಿಯಾಗುತ್ತದೆ. ಇಂಥ ಒಂದು ಲೀಟರ್ ನೀರಿನಿಂದ 200 ಲೀಟರಿನಷ್ಟು ಆವಿ ಹುಟ್ಟುತ್ತದೆ, ಅದು ಉಳಿದ ಕುದಿನೀರನ್ನು ಎದುರಿಗೆ ಸಿಕ್ಕವರ ಮೈಮೇಲೆ ಎರಚುತ್ತದೆ. ವಾಲ್ವ್ ಬಂದ್ ಮಾಡಿದರೆ ಹೊಸ ಆವಿ ಬರುವುದು ನಿಲ್ಲುತ್ತದೆ, ಆಚೆಗೆ ಸೇರಿದ್ದು ಅಲ್ಲೇ ಇರುತ್ತದೆ. ಅದನ್ನು ಖಾಲಿ ಮಾಡಲಿಕ್ಕೆ ತಗ್ಗಿನ ಜಾಗದಲ್ಲಿ ಒಂದು ಡ್ರೈನ್ ವಾಲ್ವ್ ಬೇಕು. ನಿಮ್ಮ ಲೈನಿನಲ್ಲಿ ಅದು ಇಲ್ಲದಿದ್ದರೆ, ಇದ್ದೂ ತೆರೆಯದಿದ್ದರೆ, ವಾಲ್ವ್ ಎಷ್ಟು ಒಳ್ಳೆಯದಿದ್ದರೂ ಆ ನೀರು ಚಿಮ್ಮಿಯೇ ಚಿಮ್ಮುತ್ತಿತ್ತು.

ಹಿಂದೆಯೇ ಬಂದ ಆವಿ ನಿಲ್ಲದೆ ಬರುತ್ತಾ ಇದ್ದರೆ ಮಾತ್ರ ವಾಲ್ವ್ ಪಾಸಿಂಗ್ ಇದೆ, ಅಂದರೆ ಬಂದ್ ಮಾಡಿದರೂ ಒಳಗಿನಿಂದ ಸೋರುತ್ತಿದೆ ಎಂದು ಅರ್ಥ. ಗೇಟ್ ವಾಲ್ವ್ ಪಾಸಿಂಗ್ ಆಗುವುದಕ್ಕೆ ಮುಖ್ಯ ಕಾರಣ, ಅದನ್ನು ಅರ್ಧ ತೆರೆದು ಹರಿವು ಕಡಿಮೆ ಹೆಚ್ಚು ಮಾಡಲಿಕ್ಕೆ ಬಳಸುವುದು. ಅರ್ಧಕ್ಕೆ ನಿಂತ, ದಾರಿ ಮುಚ್ಚುವ ಬೆಣೆಯಂಥ ವೆಡ್ಜ್‌ನ ಅಂಚಿನಲ್ಲಿ ಆವಿ ನೀರಿನ ಹನಿಗಳನ್ನು ಹೊತ್ತು ಭಾರೀ ವೇಗದಲ್ಲಿ ನುಗ್ಗುತ್ತದೆ, ಕೆಲವು ತಿಂಗಳಲ್ಲಿ ಅದು ಒತ್ತಿ ಕೂರುವ ಸೀಟಿನ ಮೇಲೆ ತಂತಿಯಿಂದ ಕೊರೆದ ಹಾಗೆ ಗೆರೆ ಬೀಳುತ್ತದೆ. ಒಂದೂವರೆ ವರ್ಷ ಅದಕ್ಕೆ ಧಾರಾಳ ಸಾಕು. ಎರಡನೆಯದು ತುಕ್ಕಿನ ಹೊಪ್ಪಳೆ, ವೆಲ್ಡಿಂಗ್ ಚೂರು. ಗೇಟ್ ವಾಲ್ವ್‌ನ ಅಡಿಯಲ್ಲಿ ವೆಡ್ಜ್ ಕೂರುವ ತೋಡು ಇರುತ್ತದಲ್ಲ, ಕಸ ಅಲ್ಲೇ ಸೇರುತ್ತದೆ. ಹ್ಯಾಂಡ್ ವೀಲ್ ಗಟ್ಟಿಯಾದದ್ದು ಕಸದ ಮೇಲೆ ಕೂತು, ಸೀಟಿನ ಮೇಲೆ ಕೂತು ಅಲ್ಲ. ಪೂರ್ತಿ ಬಂದ್ ಮಾಡಿ, ಕಾಲು ಸುತ್ತು ತೆರೆದು, ಎರಡು ಮೂರು ಸೆಕೆಂಡು ಬಿಟ್ಟು, ಮತ್ತೆ ಬಂದ್ ಮಾಡಿದರೆ ಹರಿವಿನ ರಭಸಕ್ಕೆ ಕಸ ಎಷ್ಟೋ ಸಲ ಜಾರಿ ಹೋಗುತ್ತದೆ. ಬಿಗಿಯಾಗಲಿಲ್ಲ ಎಂದು ಹ್ಯಾಂಡ್ ವೀಲ್‌ಗೆ ಪೈಪ್ ತೂರಿಸಿ ಜಗ್ಗಿದರೆ ಬಗ್ಗುವುದು ಸ್ಪಿಂಡಲ್, ಅಂದರೆ ವೀಲಿನಿಂದ ವೆಡ್ಜಿಗೆ ಹೋಗುವ ದಂಡ.

ಮುಂದಿನ ಸಲ ಹೀಗೆ ಮಾಡಿ. ವಾಲ್ವ್ ಬಂದ್ ಮಾಡಿ ಬೀಗ ಹಾಕಿ. ಆಚೆಯ ಡ್ರೈನ್ ತೆರೆಯಿರಿ. ಮೊದಲು ನೀರು, ಆಮೇಲೆ ಆವಿ, ಆಮೇಲೆ ಏನೂ ಬಾರದ ಸ್ಥಿತಿ ಬರಬೇಕು. ಡ್ರೈನಿನ ಬಾಯಿ ಕಟ್ಟಿ ಹೋಗಿದ್ದರೂ ಏನೂ ಬರುವುದಿಲ್ಲ, ಹಾಗಾಗಿ ಒಂದು ಗಟ್ಟಿ ಕಡ್ಡಿ ಹಾಕಿ ಬಾಯಿ ಖಾಲಿ ಇದೆಯೇ ನೋಡಿ, ಮುಖ ಪಕ್ಕಕ್ಕಿರಲಿ. ನಂತರ ಡ್ರೈನ್ ಬಂದ್ ಮಾಡಿ ಆ ತುಂಡಿನ ಪ್ರೆಶರ್ ಗೇಜನ್ನು 15 ನಿಮಿಷ ನೋಡಿ. ಮುಳ್ಳು ಸೊನ್ನೆಯಿಂದ ಏಳುತ್ತಿದ್ದರೆ ವಾಲ್ವ್ ಪಾಸಿಂಗ್, ಕೆಲಸ ಶುರು ಮಾಡಬೇಡಿ. ಏಳದಿದ್ದರೆ ಡ್ರೈನನ್ನು ಮತ್ತೆ ತೆರೆದಿಟ್ಟು, ಪೈಪ್ ತಣಿಯಲು ಬಿಟ್ಟು, ಆಮೇಲೆ ಫ್ಲ್ಯಾಂಜಿಗೆ ಪಾನಾ ಹಾಕಿ. ಮೊದಲು ಸಡಿಲಿಸುವುದು ನಿಮಗೆ ದೂರದ ಬೋಲ್ಟನ್ನು. ನಟ್ ಪೂರ್ತಿ ತೆಗೆಯದೆ ಎರಡು ಎಳೆ ಸಡಿಲಿಸಿ ಸಂದು ಬಿಡಿಸಿದರೆ, ಒಳಗೆ ಏನಾದರೂ ಉಳಿದಿದ್ದರೆ ಆಚೆ ಬದಿಗೆ ಹೋಗುತ್ತದೆ.

ಶಾಶ್ವತ ಪರಿಹಾರ: ಎರಡು ವಾಲ್ವ್, ಮಧ್ಯೆ ಅರ್ಧ ಇಂಚಿನ ಒಂದು ಡ್ರೈನ್. ಇದನ್ನು ಡಬಲ್ ಬ್ಲಾಕ್ ಆಂಡ್ ಬ್ಲೀಡ್ ಎನ್ನುತ್ತಾರೆ. ಮೊದಲ ವಾಲ್ವ್ ಸ್ವಲ್ಪ ಸೋರಿದರೂ ಅದು ಮಧ್ಯದ ಡ್ರೈನಿನಲ್ಲಿ ಹೊರಗೆ ಹೋಗುತ್ತದೆ, ಎರಡನೆಯ ವಾಲ್ವ್‌ನ ಮೇಲೆ ಒತ್ತಡವೇ ಬೀಳುವುದಿಲ್ಲ. ಎಷ್ಟು ಸೋರುತ್ತಿದೆ ಎನ್ನುವುದೂ ಕಣ್ಣಿಗೆ ಕಾಣುತ್ತದೆ. ಎರಡು ಬಾಯ್ಲರ್ ಒಂದೇ ಹೆಡರಿಗೆ (ಎರಡರ ಆವಿಯೂ ಸೇರುವ ದೊಡ್ಡ ಪೈಪಿಗೆ) ಕೂಡಿದ್ದು, ಒಂದು ನಡೆಯುತ್ತಿರುವಾಗ ಇನ್ನೊಂದರೊಳಗೆ ಮನುಷ್ಯ ಇಳಿಯುವುದಿದ್ದರೆ ಇದಕ್ಕಿಂತ ಕಡಿಮೆಯದ್ದನ್ನು ಒಪ್ಪಲೇಬೇಡಿ, ಮುಂದೆ ಹೇಳುವ ಬ್ಲೈಂಡೂ ಜತೆಗೆ ಬೇಕು.

ಪ್ರಶ್ನೆ: ಗೇಟ್, ಗ್ಲೋಬ್, ಬಾಲ್, ಬಟರ್‌ಫ್ಲೈ: ಅಂಗಡಿಯಲ್ಲಿ ಎಲ್ಲವೂ ಉಂಟು. ಐಸೊಲೇಶನಿಗೆ ಯಾವುದು ತರುವುದು? (ಮೆಂಟೆನೆನ್ಸ್ ಸೂಪರ್‌ವೈಸರ್, ಬೈಕಂಪಾಡಿ)

ಉತ್ತರ: ಒಳಗೆ ಹರಿಯುವುದೇನು ಎಂದು ಬರೆಯದೆ ಕೇಳಿದ್ದೀರಿ, ಆದ್ದರಿಂದ ಸ್ಥೂಲವಾಗಿ ಹೇಳುತ್ತೇವೆ.

ನೀರು, ಗಾಳಿ, ಗ್ಯಾಸ್, ತೆಳು ಎಣ್ಣೆಗೆ 2 ಇಂಚಿನವರೆಗೆ ಬಾಲ್ ವಾಲ್ವ್. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಬಂದ್; ದೂರದಿಂದಲೇ ಕಾಣುತ್ತದೆ. ಟೆಫ್ಲಾನ್ ಸೀಟ್ ಇರುವ ಕಾರಣ ಹನಿಯೂ ಸೋರದ ಹಾಗೆ ಕೂರುತ್ತದೆ. ಆದರೆ ಬೆಂಕಿ ಬಿದ್ದರೆ ಅದೇ ಟೆಫ್ಲಾನ್ ಕರಗಿ ವಾಲ್ವ್ ಬಾಯಿ ಬಿಡುತ್ತದೆ. ಹೊತ್ತಿಕೊಳ್ಳುವ ವಸ್ತುವಿನ ಲೈನಿಗೆ ಎಪಿಐ 607 (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಮಾನದಂಡ) ಪ್ರಕಾರ ಬೆಂಕಿಯಲ್ಲಿ ಪರೀಕ್ಷೆಯಾದ ಬಾಲ್ ವಾಲ್ವ್ ಕೇಳಿ. ಅದರಲ್ಲಿ ಟೆಫ್ಲಾನ್ ಹೋದ ಮೇಲೂ ಚೆಂಡು ಲೋಹದ ಅಂಚಿಗೆ ಒತ್ತಿಕೊಳ್ಳುತ್ತದೆ. ಆವಿಗೆ ಸಾದಾ ಟೆಫ್ಲಾನ್ ಸೀಟಿನ ಬಾಲ್ ವಾಲ್ವ್ ಬೇಡ.

ಆವಿಯನ್ನು ಬಂದ್ ಮಾಡಲಿಕ್ಕೆ ಗ್ಲೋಬ್. ಒತ್ತಡ ಹೆಚ್ಚು ನಷ್ಟವಾಗುತ್ತದೆ ಎಂದು ಕೆಲವರು ಮೂಗು ಮುರಿಯುತ್ತಾರೆ, ಆದರೆ ಸೀಟ್ ಸವೆದರೆ ಉಜ್ಜಿ ಕೂರಿಸಬಹುದು, ಹರಿವನ್ನು ನಿಯಂತ್ರಿಸಲೂ ಬಹುದು. ಮೈಮೇಲಿನ ಬಾಣದ ಗುರುತು ನೋಡಿಯೇ ಹಾಕಿ. ಬಾಣದ ಹಾಗೆ ಹಾಕಿದರೆ ಸಾಮಾನ್ಯವಾಗಿ ಒತ್ತಡ ಡಿಸ್ಕಿನ (ದಾರಿ ಮುಚ್ಚುವ ಬಿಲ್ಲೆಯ) ಕೆಳಗಿರುತ್ತದೆ, ಬಂದ್ ಆದಾಗ ಗ್ಲ್ಯಾಂಡಿನ (ಸ್ಪಿಂಡಲಿನ ಸುತ್ತ ಸೋರಿಕೆ ತಡೆಯುವ ಭಾಗದ) ಮೇಲೆ ಒತ್ತಡ ಬೀಳುವುದಿಲ್ಲ.

ಗೇಟ್ ವಾಲ್ವ್ ಇಡೀ ತೆರೆದು ಅಥವಾ ಇಡೀ ಮುಚ್ಚಿ ಇಡುವ ದೊಡ್ಡ ಲೈನುಗಳಿಗೆ. ಸ್ಪಿಂಡಲ್ ಮೇಲೇಳುವ ಜಾತಿಯದ್ದನ್ನೇ ಕೊಳ್ಳಿ. ಸ್ಪಿಂಡಲ್ ಹೊರಗೆ ಕಾಣುತ್ತಿದ್ದರೆ ತೆರೆದಿದೆ, ಒಳಗಿದ್ದರೆ ಬಂದ್. ಸ್ಪಿಂಡಲ್ ಏಳದ ಜಾತಿಯಲ್ಲಿ ಕತ್ತಲೆಯ ಪಂಪ್ ಹೌಸಿನಲ್ಲಿ ಯಾರೂ ಏನೂ ಹೇಳಲಾರರು. ಬಟರ್‌ಫ್ಲೈ ಅಗ್ಗ, ಹಗುರ, ಕೂಲಿಂಗ್ ವಾಟರ್ ಲೈನಿಗೆ ಒಳ್ಳೆಯದು. ರಬ್ಬರ್ ಸೀಟಿನ ಒಂದೇ ಬಟರ್‌ಫ್ಲೈ ನಂಬಿ ಆಮ್ಲದ ಲೈನಿನ ಫ್ಲ್ಯಾಂಜ್ ಬಿಚ್ಚುವುದು ನಮ್ಮ ಮಟ್ಟಿಗೆ ತಲೆಕೆಟ್ಟ ಕೆಲಸ.

ಇನ್ನೊಂದು ಮಾತು. ಕಾಲು ಸುತ್ತಿನಲ್ಲಿ ಬಂದ್ ಆಗುವ ವಾಲ್ವ್‌ಗಳನ್ನು ನಿಧಾನ ತಿರುಗಿಸಿ. ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುವ ನೀರನ್ನು ಒಮ್ಮೆಲೇ ತಡೆದರೆ ಒತ್ತಡ ಹತ್ತಿರ ಹತ್ತಿರ 12 ಬಾರ್ ಏರುತ್ತದೆ. ಪೈಪ್ ಢಂ ಎನ್ನುವುದು ಅದಕ್ಕೇ.

ಪ್ರಶ್ನೆ: ಎರಡು ವಾಲ್ವ್ ಇರುವಾಗ ಬ್ಲೈಂಡ್ (ಪೈಪಿನ ದಾರಿ ಮುಚ್ಚುವ ಗಟ್ಟಿ ತಟ್ಟೆ) ಹಾಕುವ ರಗಳೆ ಯಾಕೆ? ಅರ್ಧ ದಿನ ಹೋಗುತ್ತದೆ. (ಕಾಂಟ್ರಾಕ್ಟರ್, ಪಣಂಬೂರು)

ಉತ್ತರ: ಒಂದು ಗ್ಯಾಸ್ಕೆಟ್ ಬದಲಿಸಿ ಒಂದು ಗಂಟೆಯಲ್ಲಿ ಕಟ್ಟಿಬಿಡುವ ಕೆಲಸಕ್ಕೆ ಎರಡು ವಾಲ್ವ್, ಮಧ್ಯದ ಡ್ರೈನ್ ಸಾಕು. ಟ್ಯಾಂಕಿನೊಳಗೆ ಮನುಷ್ಯ ಇಳಿಯುತ್ತಾನೆ, ಒಳಗೆ ವೆಲ್ಡಿಂಗ್ ಉಂಟು, ಅಥವಾ ಲೈನ್ ದಿನಗಟ್ಟಲೆ ತೆರೆದಿರುತ್ತದೆ ಎಂದಾದರೆ ಸಾಲದು. ಲೋಹದ ಸೀಟಿನ ದೊಡ್ಡ ವಾಲ್ವ್ ಹೊಸದಿದ್ದಾಗಲೇ ನಿಮಿಷಕ್ಕೆ ಕೆಲವು ಹನಿ ಸೋರಲು ತಯಾರಿಕಾ ಪರೀಕ್ಷೆಯಲ್ಲೇ ಅವಕಾಶವಿದೆ. ಟ್ಯಾಂಕಿಗೆ ಸೋರುವುದು ನೈಟ್ರೋಜನ್ ಆಗಿದ್ದರೆ ಬಣ್ಣವಿಲ್ಲ, ವಾಸನೆಯಿಲ್ಲ, ಆಮ್ಲಜನಕ 19.5 ಶೇಕಡಾಕ್ಕಿಂತ ಕೆಳಗೆ ಇಳಿದದ್ದು ಮೀಟರಿಗೆ ಗೊತ್ತಾಗುತ್ತದೆ, ಮೂಗಿಗೆ ಗೊತ್ತಾಗುವುದಿಲ್ಲ. ಅಲ್ಲಿ ಬೇಕಾದದ್ದು ಎರಡು ಫ್ಲ್ಯಾಂಜುಗಳ ಮಧ್ಯೆ ಗಟ್ಟಿ ಉಕ್ಕಿನ ತಟ್ಟೆ, ಇಲ್ಲವೇ ಪೈಪಿನ ಒಂದು ತುಂಡನ್ನೇ ಬಿಚ್ಚಿಟ್ಟು ತೆರೆದ ಬಾಯಿಗೆ ಬ್ಲೈಂಡ್ ಫ್ಲ್ಯಾಂಜ್.

ಆ ತಟ್ಟೆ ಗುಜರಿಯ ತಗಡಾಗಬಾರದು. 4 ಇಂಚಿನ ಪೈಪಿನ ಬಾಯಿಗೆ 10 ಬಾರ್ ಒತ್ತಡ ಹಾಕುವ ಬಲ ಸುಮಾರು 800 ಕಿಲೋ, ಒಂದು ಸಣ್ಣ ಕಾರಿನ ಭಾರ. ಸಾದಾ ಉಕ್ಕಿನ ತಟ್ಟೆಗೆ ಲೆಕ್ಕದಲ್ಲೇ 4 ಮಿಲಿಮೀಟರ್ ದಪ್ಪ ಬೇಕಾಗುತ್ತದೆ. ತುಕ್ಕಿನ ಪಾಲು ಸೇರಿಸಿ 6ಕ್ಕಿಂತ ಕಡಿಮೆ ಹಾಕಬೇಡಿ. ತಟ್ಟೆಯ ಎರಡೂ ಕಡೆ ಗ್ಯಾಸ್ಕೆಟ್ ಇರಲಿ, ಹೊರಗೆ ಕಾಣುವ ಬಾಲಕ್ಕೆ ಸೈಜು, ಒತ್ತಡ, ನಂಬರು ಕೊರೆದಿರಲಿ. ಪದೇ ಪದೇ ಬಿಚ್ಚುವ ಜಾಗಕ್ಕೆ ಸ್ಪೆಕ್ಟಕಲ್ ಬ್ಲೈಂಡ್ ಹಾಕಿಸಿಬಿಡಿ: ಕನ್ನಡಕದ ಹಾಗೆ ಒಂದು ಕಡೆ ತೂತು, ಒಂದು ಕಡೆ ಗಟ್ಟಿ. ಯಾವ ಕಣ್ಣು ಹೊರಗಿದೆ ನೋಡಿದರೆ ಲೈನಿನ ಸ್ಥಿತಿ ಗೊತ್ತಾಗುತ್ತದೆ. ಆಗ ಅರ್ಧ ದಿನವೂ ಹೋಗುವುದಿಲ್ಲ. ಹಾಕಿದ ಬ್ಲೈಂಡುಗಳ ಪಟ್ಟಿ ಇಟ್ಟುಕೊಳ್ಳಿ, ಹನ್ನೊಂದು ಹಾಕಿ ಹತ್ತು ತೆಗೆದರೆ ಪ್ಲಾಂಟ್ ಸ್ಟಾರ್ಟ್ ಮಾಡುವ ದಿನ ಬೇರೆಯೇ ಕಥೆ.

1984ರ ಭೋಪಾಲದ ರಾತ್ರಿಯ ಬಗ್ಗೆ ಓದಿದವರಿಗೆ ನೆನಪಿರಬಹುದು. ಎಂಐಸಿ (ಮಿಥೈಲ್ ಐಸೋಸಯನೇಟ್ ಎಂಬ ವಿಷದ ದ್ರವ) ಟ್ಯಾಂಕಿಗೆ ನೀರು ಯಾವ ದಾರಿಯಲ್ಲಿ ಹೋಯಿತು ಎಂಬ ಬಗ್ಗೆ ವಾದ ಇಂದಿಗೂ ಇದೆ. ಆದರೆ ಅಂದು ಪೈಪು ತೊಳೆಯುವ ಮುಂಚೆ ಹಾಕಬೇಕಾಗಿದ್ದ ಬ್ಲೈಂಡ್ ಹಾಕಿರಲಿಲ್ಲ.

ಪ್ರಶ್ನೆ: ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದೇನೆ. ಪಾತ್ರೆಯ ತಳದ ಎಣ್ಣೆ ಹೊರಗೆ ಬಿಡುವಾಗ ಪ್ರತಿ ಸಲ ಅಮೋನಿಯ ಮುಖಕ್ಕೆ ಹೊಡೆಯುತ್ತದೆ. ಈಗ ಇರುವುದು ಒಂದೇ ವಾಲ್ವ್, ಅದಕ್ಕೊಂದು ರಬ್ಬರ್ ಪೈಪ್. ಎಂತ ಮಾಡುವುದು? ದೊಡ್ಡ ಲೀಕ್ ಆದರೆ ಮೊದಲು ಯಾವ ವಾಲ್ವ್ ಬಂದ್ ಮಾಡಬೇಕು? (ಮಲ್ಪೆ)

ಉತ್ತರ: ಅಮೋನಿಯ ಪ್ಲಾಂಟುಗಳಲ್ಲಿ ಜನ ಗಾಯಗೊಳ್ಳುವ ಸಂದರ್ಭಗಳಲ್ಲಿ ಎಣ್ಣೆ ಬಿಡುವ ಕೆಲಸ ಮುಂಚೂಣಿಯಲ್ಲಿದೆ. ಕಾರಣ ಹೀಗೆ. ಕಂಪ್ರೆಸರಿನ ಎಣ್ಣೆ ದ್ರವ ಅಮೋನಿಯಕ್ಕಿಂತ ಭಾರ, ಆದ್ದರಿಂದ ಪಾತ್ರೆಯ ತಳದಲ್ಲಿ ಕೂರುತ್ತದೆ. ತಣ್ಣಗಿರುವ ಕಡೆ ಅದು ಜೇನಿನ ಹಾಗೆ ಮಂದ. ವಾಲ್ವ್ ಸ್ವಲ್ಪ ತೆರೆದರೆ ಏನೂ ಬರುವುದಿಲ್ಲ, ಇನ್ನೂ ಸ್ವಲ್ಪ ತೆರೆಯುತ್ತೀರಿ, ಮತ್ತೂ ಸ್ವಲ್ಪ. ಅಷ್ಟರಲ್ಲಿ ಎಣ್ಣೆಯ ಮುದ್ದೆ ತಟ್ಟನೆ ಹೊರಬೀಳುತ್ತದೆ, ಅದರ ಹಿಂದೆ ನೇರ ದ್ರವ ಅಮೋನಿಯ. ಆಗ ವಾಲ್ವ್ ನಾಲ್ಕು ಸುತ್ತು ತೆರೆದಿರುತ್ತದೆ, ಬಂದ್ ಮಾಡಲು ನಾಲ್ಕು ಸುತ್ತು ತಿರುಗಿಸಬೇಕು, ಕಣ್ಣು ಬಿಡಲಿಕ್ಕೆ ಆಗುವುದಿಲ್ಲ.

ಆದ್ದರಿಂದ ಎರಡು ವಾಲ್ವ್ ಬೇಕು, ಎರಡನೆಯದು ಸ್ಪ್ರಿಂಗ್ ಇರುವುದಾಗಬೇಕು: ಕೈಯಿಂದ ಒತ್ತಿ ಹಿಡಿದಾಗ ಮಾತ್ರ ತೆರೆದಿರುತ್ತದೆ, ಕೈ ಬಿಟ್ಟರೆ ತಾನೇ ಮುಚ್ಚುತ್ತದೆ. ನೀವು ಓಡಿದರೂ ಮುಚ್ಚುತ್ತದೆ, ಬಿದ್ದರೂ ಮುಚ್ಚುತ್ತದೆ. ಕೈ ನೋಯುತ್ತದೆಂದು ಹಿಡಿಗೆ ತಂತಿ ಸುತ್ತಿ ಕಟ್ಟಿಟ್ಟರೆ ಅದನ್ನು ಹಾಕಿಸಿಯೂ ಪ್ರಯೋಜನವಿಲ್ಲ.

ಅದಕ್ಕಿಂತ ಮೇಲು ಎಂದರೆ ಆಯಿಲ್ ಪಾಟ್, ಪಾತ್ರೆಯ ಕೆಳಗೆ ಕೂಡಿಸಿದ ಒಂದು ಸಣ್ಣ ಸಿಲಿಂಡರ್. ಅದಕ್ಕೆ ಮೂರು ದಾರಿ: ಮೇಲಿನ ಪಾತ್ರೆಯಿಂದ ಎಣ್ಣೆ ಇಳಿಯಲು ಒಂದು, ಕಂಪ್ರೆಸರ್ ಆವಿಯನ್ನು ಒಳಗೆಳೆಯುವ ಸಕ್ಷನ್ ಲೈನಿಗೆ ಒಂದು, ಹೊರಗೆ ಬಿಡಲು ಒಂದು. ಎಣ್ಣೆ ಇಳಿದ ಮೇಲೆ ಮೇಲಿನ ವಾಲ್ವ್ ಬಂದ್ ಮಾಡಿ, ಸಕ್ಷನಿನದ್ದು ತೆರೆದೇ ಬಿಡಿ. ಒಳಗಿನ ಅಮೋನಿಯ ಕುದಿದು ಸಕ್ಷನಿಗೆ ಹೋಗುತ್ತಿರುವಾಗ ಪಾಟಿನ ಹೊರಮೈಗೆ ಹಿಮ ಕಟ್ಟಿರುತ್ತದೆ. ಮೇಲಿನಿಂದ ನೀರು ಬಿಟ್ಟರೆ ಬೇಗ ಆಗುತ್ತದೆ. ಹಿಮ ಕರಗಿ, ಪಾಟ್ ಕೈಗೆ ಬೆಚ್ಚಗೆ ಸಿಕ್ಕಿ, ಗೇಜ್ ಸೊನ್ನೆಯ ಸ್ವಲ್ಪ ಮೇಲೆ ನಿಂತ ಮೇಲೆ ಸಕ್ಷನ್ ಬಂದ್ ಮಾಡಿ ಎಣ್ಣೆ ಬಿಡಿ. ಬರುವುದು ಎಣ್ಣೆ ಮಾತ್ರ. ರಬ್ಬರ್ ಪೈಪಿನ ತುದಿಯನ್ನು ನೀರಿನ ಬಕೆಟಿನಲ್ಲಿ ಮುಳುಗಿಸುವ ಅಭ್ಯಾಸ ಕೆಲವು ಕಡೆ ಉಂಟು, ಅದನ್ನು ಬಿಡಿ. ನೀರು ಅಮೋನಿಯವನ್ನು ಎಷ್ಟು ಆಸೆಯಿಂದ ಕುಡಿಯುತ್ತದೆಂದರೆ ಹರಿವು ಕಡಿಮೆಯಾದ ಕ್ಷಣ ಬಕೆಟಿನ ನೀರೇ ಪೈಪಿನಲ್ಲಿ ಹಿಂದಕ್ಕೆ ಏರುತ್ತದೆ.

ಒಂದು ಎಚ್ಚರಿಕೆ ಪಾಟಿಗೂ ಅನ್ವಯಿಸುತ್ತದೆ, ಪೈಪಿಗೂ. ತಣ್ಣಗಿನ ದ್ರವ ಅಮೋನಿಯ ತುಂಬಿದ ತುಂಡಿನ ಎರಡೂ ಕಡೆಯ ವಾಲ್ವ್ ಬಂದ್ ಮಾಡಬೇಡಿ. ದ್ರವ ಬಿಸಿಯಾದ ಹಾಗೆ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಒಂದೊಂದು ಡಿಗ್ರಿಗೆ ಹಲವು ಬಾರ್ ಒತ್ತಡ ಏರುತ್ತದೆ. ಬಿಸಿಲಿಗೆ ಬಿದ್ದ ಪೈಪ್ ಸಿಡಿಯಲು ಅರ್ಧ ಗಂಟೆ ಬೇಡ. ಮೂಲದ ಕಡೆಯ ವಾಲ್ವ್ ಮೊದಲು ಬಂದ್ ಮಾಡಿ, ಲೈನ್ ಖಾಲಿಯಾದ ಮೇಲೆ ಆಚೆಯದ್ದು. ದ್ರವ ಸಿಕ್ಕಿಕೊಳ್ಳುವ ಸಾಧ್ಯತೆ ಇರುವಲ್ಲೆಲ್ಲ ತಗ್ಗು ಒತ್ತಡದ ಕಡೆಗೆ ಬಿಡುವ ಸಣ್ಣ ರಿಲೀಫ್ ವಾಲ್ವ್ ಇರಬೇಕು.

ದೊಡ್ಡ ಲೀಕಿನ ಪ್ರಶ್ನೆ. ರಿಸೀವರಿನಿಂದ (ದ್ರವ ಅಮೋನಿಯ ಸೇರಿಸಿಡುವ ಪಾತ್ರೆಯಿಂದ) ಹೊರಡುವ ದ್ರವದ ಲೈನಿನ ಮೊದಲ ವಾಲ್ವ್‌ಗೆ ಕಿಂಗ್ ವಾಲ್ವ್ ಎಂದು ಹೆಸರು. ಲೀಕ್ ಐಸ್ ಟ್ಯಾಂಕಿನ ಕಾಯಿಲ್ ಕಡೆ ಇದ್ದರೆ ಅದನ್ನು ಬಂದ್ ಮಾಡಿ. ಕಂಪ್ರೆಸರ್ ರೂಮಿನಲ್ಲಿ ನಿಲ್ಲುವ ಹಾಗಿದ್ದರೆ ಮಾತ್ರ ಕಂಪ್ರೆಸರ್ ನಡೆಸಿಯೇ ಇಡಿ; ಕಾಯಿಲಿನ ಅಮೋನಿಯವನ್ನು ಅದು ಎಳೆದು ರಿಸೀವರಿಗೆ ಸೇರಿಸುತ್ತದೆ. ಲೀಕ್ ಅಮೋನಿಯ ಆವಿ ತಣಿದು ದ್ರವವಾಗುವ ಕಂಡೆನ್ಸರ್ ಕಡೆ, ಅಂದರೆ 12ರಿಂದ 14 ಬಾರ್ ಇರುವ ಕಡೆ ಇದ್ದರೆ ಲೆಕ್ಕ ತಿರುಗಾಮುರುಗಾ: ಕಂಪ್ರೆಸರ್ ನಿಲ್ಲಿಸಿ, ಆ ತುಂಡಿನ ಎರಡೂ ಬದಿಯ ವಾಲ್ವ್ ಬಂದ್ ಮಾಡಿ. ಒಡೆದ ಬಾಯಿಯೇ ಅಲ್ಲಿ ಒತ್ತಡಕ್ಕೆ ದಾರಿ. ಯಾವ ಲೀಕಿಗೆ ಯಾವುದು ಎನ್ನುವುದನ್ನು ಮೊದಲೇ ನಿಮ್ಮ ಪ್ಲಾಂಟಿನ ನಕ್ಷೆಯ ಮೇಲೆ ಬರೆದು ಗೋಡೆಗೆ ಹಾಕಿ. ಕಿಂಗ್ ವಾಲ್ವ್‌ನ ಸ್ಪಿಂಡಲನ್ನು ಉದ್ದ ಮಾಡಿ ಗೋಡೆಯಾಚೆ ತಿರುಗಿಸುವ ಹಾಗೆ ಮಾಡಿಸಿ, ಏಕೆಂದರೆ ಗಾಳಿಯಲ್ಲಿ ಅಮೋನಿಯ 300 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 300) ದಾಟಿದರೆ ಮಾಸ್ಕ್ ಇಲ್ಲದೆ ಒಳಗಿರುವುದು ಜೀವಕ್ಕೆ ಅಪಾಯ. ಮಧ್ಯಾಹ್ನ ನಮ್ಮಲ್ಲಿ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ಭೂಮಿಯಿಂದ ಕಡಲಿಗೆ. ಹಾಗಾಗಿ ಬಾಗಿಲು ಎರಡು ದಿಕ್ಕಿಗೂ ಬೇಕು.

ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಬಾಲ್ ವಾಲ್ವ್ ಅಮೋನಿಯಕ್ಕೆ ತರಲೇಬೇಡಿ. ತಾಮ್ರ, ಹಿತ್ತಾಳೆ ಎರಡನ್ನೂ ಅದು ತಿನ್ನುತ್ತದೆ.

ಪ್ರಶ್ನೆ: ಬಾಯ್ಲರಿನ ಸೇಫ್ಟಿ ವಾಲ್ವ್ ಸೋರುತ್ತಿದೆ. ಅದರ ಕೆಳಗೆ ಒಂದು ಐಸೊಲೇಶನ್ ವಾಲ್ವ್ ಹಾಕಿದರೆ ಬಾಯ್ಲರ್ ನಿಲ್ಲಿಸದೆ ರಿಪೇರಿ ಮಾಡಬಹುದಲ್ಲ? (ಉಡುಪಿ)

ಉತ್ತರ: ಬೇಡ. ಬಾಯ್ಲರಿಗೂ ಸೇಫ್ಟಿ ವಾಲ್ವ್‌ಗೂ ನಡುವೆ ಯಾವ ವಾಲ್ವೂ ಇರಬಾರದು, ಕಾನೂನು ಪ್ರಕಾರವೂ ಅದಕ್ಕೆ ಅವಕಾಶ ಇಲ್ಲ. ಯಾರೋ ಒಬ್ಬರು ಅದನ್ನು ಬಂದ್ ಮಾಡಿ ಮರೆತ ದಿನ ಬಾಯ್ಲರಿನ ಒತ್ತಡಕ್ಕೆ ದಾರಿಯೇ ಇರುವುದಿಲ್ಲ. ಬಾಯ್ಲರ್ ತಣಿಸಿ ಸೀಟ್ ಉಜ್ಜಿಸಿ. ಅಮೋನಿಯ ರಿಸೀವರಿನಂಥ ಕಡೆ ಎರಡು ರಿಲೀಫ್ ವಾಲ್ವ್ ಇಟ್ಟು ಕೆಳಗೆ ಮೂರು ದಾರಿಯ ವಾಲ್ವ್ ಹಾಕುವ ಪದ್ಧತಿ ಉಂಟು. ಅದು ಒಂದನ್ನು ಮುಚ್ಚಿದರೆ ಇನ್ನೊಂದನ್ನು ತೆರೆದೇ ತೆರೆಯುತ್ತದೆ, ಎರಡನ್ನೂ ಒಟ್ಟಿಗೆ ಮುಚ್ಚಲು ಬರುವುದಿಲ್ಲ.

ಪ್ರಶ್ನೆ: ವಾಲ್ವ್‌ಗೆ ಕೆಂಪು ಟ್ಯಾಗ್ ಕಟ್ಟುತ್ತೇವೆ. ಬೀಗವೂ ಬೇಕೇ? (ಶಿಫ್ಟ್ ಇನ್‌ಚಾರ್ಜ್, ಮಂಗಳೂರು)

ಉತ್ತರ: ಬೇಕು. ಟ್ಯಾಗ್ ವಿಷಯ ತಿಳಿಸುತ್ತದೆ, ಕೈ ತಡೆಯುವುದಿಲ್ಲ. ಹ್ಯಾಂಡ್ ವೀಲಿನ ಕಡ್ಡಿಗಳಿಗೆ ಚೈನ್ ಹಾಯಿಸಿ ವಾಲ್ವ್‌ನ ಮೈಗೆ ಸುತ್ತಿ ಬೀಗ ಹಾಕಿ. ಚೈನ್ ಸಡಿಲವಿದ್ದರೆ ಅರ್ಧ ಸುತ್ತು ತಿರುಗುತ್ತದೆ, ಪಾಸಿಂಗಿಗೆ ಅಷ್ಟು ಸಾಕು. ಬಾಲ್ ವಾಲ್ವ್‌ನ ಹಿಡಿಗೆ ತೂತಿರುವ ಜಾತಿಯದ್ದು ಸಿಗುತ್ತದೆ. ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು ಬೀಗಕ್ಕೆ ಸಮವಲ್ಲ, ಪಾನಾದಲ್ಲಿ ಯಾರು ಬೇಕಾದರೂ ತಿರುಗಿಸಬಹುದು. ಮೂರು ಜನ ಕೆಲಸ ಮಾಡುತ್ತಿದ್ದರೆ ಒಂದೇ ಕೊಂಡಿಗೆ ಮೂರು ಬೀಗ, ಕೀಲಿ ಅವರವರ ಹತ್ತಿರ. ಕೊನೆಯವನು ತೆಗೆಯುವವರೆಗೆ ವಾಲ್ವ್ ತೆರೆಯುವ ಹಾಗಿಲ್ಲ. ಪಂಪಿನ ಎರಡೂ ಕಡೆ ಬಂದ್ ಮಾಡಿದ್ದರೆ ಕರೆಂಟಿನ ಕಡೆಗೂ ಬೀಗ ಹಾಕಿ, ಸ್ಟಾರ್ಟ್ ಬಟನ್ ಒತ್ತಿ ತಿರುಗುವುದಿಲ್ಲ ಎಂದು ನೋಡಿ.

ಶಿಫ್ಟ್ ಬದಲಾಗುವ ಹೊತ್ತು ಅತ್ಯಂತ ಅಪಾಯದ್ದು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪಿನ ರಿಲೀಫ್ ವಾಲ್ವ್ ಬಿಚ್ಚಿ, ಆ ಬಾಯಿಗೆ ಬ್ಲೈಂಡ್ ಫ್ಲ್ಯಾಂಜನ್ನು ಸಡಿಲವಾಗಿ ಕಟ್ಟಿಟ್ಟಿದ್ದರು. ಆ ವಿಷಯ ರಾತ್ರಿ ಶಿಫ್ಟಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ನಿಂತಾಗ ಇದನ್ನು ಸ್ಟಾರ್ಟ್ ಮಾಡಿದರು. ಸತ್ತವರು 167 ಜನ.

ಗಾಳಿಯಿಂದ ನಡೆಯುವ ವಾಲ್ವ್ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ: ಗಾಳಿಯ ಟ್ಯೂಬುಗಳನ್ನೇ ಬಿಚ್ಚಿ, ತುದಿ ದೂರ ಇಡಿ. 1989ರ ಅಕ್ಟೋಬರ್ 23ರಂದು ಅಮೆರಿಕದ ಪಾಸಡೀನಾದ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಒಂದೇ ಬಾಲ್ ವಾಲ್ವ್ ನಂಬಿ ಕಟ್ಟಿಕೊಂಡ ಪೈಪು ಬಿಡಿಸುತ್ತಿದ್ದರು. ಅದರ ಗಾಳಿಯ ಟ್ಯೂಬುಗಳು ಅದಲು ಬದಲಾಗಿ ಕೂಡಿಕೊಂಡಿದ್ದವು; ಬಂದ್ ಎಂದು ಸ್ವಿಚ್ ಹೇಳುವಾಗ ವಾಲ್ವ್ ತೆರೆಯಿತು. ಅಲ್ಲಿ ಎರಡನೆಯ ವಾಲ್ವೂ ಇರಲಿಲ್ಲ, ಬ್ಲೈಂಡೂ ಇರಲಿಲ್ಲ. 23 ಜನ ಸತ್ತರು.

ಮ್ಯಾನೇಜ್‌ಮೆಂಟಿಗೆ ಹೇಳಲು ಆಧಾರ ಬೇಕಿದ್ದರೆ: 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮಿನಲ್ಲೇ ಈ ಕ್ರಮ ಬರೆದಿಟ್ಟಿದ್ದರು. ಹೊತ್ತಿಕೊಳ್ಳುವ ಗ್ಯಾಸ್ ಒತ್ತಡದಲ್ಲಿರುವ ಪೈಪಿನ ಜಾಯಿಂಟ್ ಸಡಿಲಿಸುವ ಮುಂಚೆ ಹರಿವು ನಿಲ್ಲಿಸಬೇಕು, ಜಾಯಿಂಟ್ ತೆಗೆಯುವ ಮುಂಚೆ ಒತ್ತಡ ಇಳಿಸಬೇಕು, ಮತ್ತೆ ಕಟ್ಟುವವರೆಗೆ ಒಳಗೆ ಗ್ಯಾಸ್ ಬಾರದ ಹಾಗೆ ನೋಡಿಕೊಳ್ಳಬೇಕು.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಹೊರಗಿನ ವಾಲ್ವ್‌ಗಳು ತಿರುಗುವುದೇ ಇಲ್ಲ. ಗೋಣಿ ಸುತ್ತಿ ಇಟ್ಟರೂ ಪ್ರಯೋಜನ ಇಲ್ಲ. (ಫಿಟ್ಟರ್, ಪಡುಬಿದ್ರಿ)

ಉತ್ತರ: ಗೋಣಿಯೇ ಶತ್ರು. ಉಪ್ಪುಗಾಳಿಯ ತೇವವನ್ನು ಹೀರಿಕೊಂಡು ಆಟಿ ತಿಂಗಳ ಮಳೆ ಮುಗಿಯುವವರೆಗೂ ಸ್ಪಿಂಡಲಿಗೆ ಒತ್ತಿ ಹಿಡಿಯುತ್ತದೆ. ಬಿಚ್ಚಿ ನೋಡಿದರೆ ಸುತ್ತಿದ ಕಡೆಯೇ ತುಕ್ಕು ದಪ್ಪ. ಅದರ ಬದಲು ಎದ್ದ ಸ್ಪಿಂಡಲಿನ ಮೇಲೆ ತುದಿ ಮುಚ್ಚಿದ ಪಿವಿಸಿ ಪೈಪಿನ ತುಂಡು ಕೂರಿಸಿ, ಕೆಳಗೆ ಒಂದು ಸಣ್ಣ ತೂತು ಬಿಡಿ, ನೀರು ಇಳಿದು ಹೋಗಲಿ.

ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಸ್ಪಿಂಡಲಿನ ಎಳೆಗಳನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ, ಹಳೆಯ ಗ್ರೀಸ್ ಪೂರ್ತಿ ತೆಗೆದು, ಗ್ರಾಫೈಟ್ ಇರುವ ಹೊಸ ಗ್ರೀಸ್ ಹಚ್ಚಿ. ಹಳೆಯದರ ಮೇಲೆ ಹೊಸದು ಬಳಿದರೆ ಒಳಗಿನ ಉಪ್ಪು, ಮರಳು ಅಲ್ಲೇ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ವಾಲ್ವ್ ತಿರುಗಿಸಿ. ಲೈನ್ ನಡೆಯುತ್ತಿದ್ದರೆ ಎರಡು ಮೂರು ಸುತ್ತಾದರೂ ಸಾಕು. ಪೂರ್ತಿ ತೆರೆದ ಗೇಟ್ ವಾಲ್ವನ್ನು ಕಾಲು ಸುತ್ತು ಹಿಂದಕ್ಕೆ ತಂದು ನಿಲ್ಲಿಸಿ, ಆಗ ಮುಂದೆ ತಿರುಗಿಸುವವರಿಗೆ ಅದು ಜಾಮ್ ಆಗಿದೆಯೋ ತೆರೆದಿದೆಯೋ ಗೊತ್ತಾಗುತ್ತದೆ. ಬಿಸಿ ಲೈನಿನ ಗೇಟ್ ವಾಲ್ವನ್ನು ಕಾದಿರುವಾಗ ಬಿಗಿಯಾಗಿ ಬಂದ್ ಮಾಡಿ ತಣಿಯಲು ಬಿಟ್ಟರೂ ವೆಡ್ಜ್ ಸಿಕ್ಕಿಕೊಳ್ಳುತ್ತದೆ, ಅದು ತುಕ್ಕಲ್ಲ.

ಬಾನೆಟ್ (ವಾಲ್ವಿನ ಮೇಲಿನ ಮುಚ್ಚಳ) ಬೋಲ್ಟುಗಳನ್ನು ಮರೆಯಬೇಡಿ. ನಟ್‌ನ ಅಡಿಯಲ್ಲಿ ಬೋಲ್ಟಿನ ಕುತ್ತಿಗೆ ಸಣ್ಣಗಾಗಿದ್ದರೆ ಲೈನ್ ನಿಂತಾಗ ಒಂದೊಂದಾಗಿ ಬದಲಿಸಿ. ಸಿಕ್ಕಿಕೊಂಡ ವಾಲ್ವ್‌ಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಸುತ್ತಿಗೆಯಲ್ಲಿ ಮೈಗೆ ಹೊಡೆಯಬೇಡಿ, ಬೀಡು ಕಬ್ಬಿಣವಾದರೆ ಒಡೆಯುತ್ತದೆ. ಗ್ಯಾಸ್ ಅಥವಾ ಎಣ್ಣೆಯ ಲೈನಿಗೆ ಗ್ಯಾಸ್ ಕಟರಿನ ಬೆಂಕಿ ತೋರಿಸಿ ಬಿಡಿಸುವ ಮಾತೇ ಇಲ್ಲ.

ಪ್ರಶ್ನೆ: ನಮ್ಮ ಹೋಟೆಲಿನ ಹಿತ್ತಲಲ್ಲಿ 19 ಕಿಲೋದ ಎಂಟು ಸಿಲಿಂಡರ್ ಸಾಲಾಗಿ ಕೂಡಿಸಿದ್ದೇವೆ. ವಾಲ್ವ್ ಎಲ್ಲೆಲ್ಲಿ ಬೇಕು? (ಉಡುಪಿ)

ಉತ್ತರ: ಪ್ರತಿ ಸಿಲಿಂಡರಿನ ಹೋಸ್ ಮ್ಯಾನಿಫೋಲ್ಡಿಗೆ (ಎಲ್ಲ ಸಿಲಿಂಡರಿನ ಗ್ಯಾಸ್ ಕೂಡುವ ಪೈಪಿಗೆ) ಸೇರುವಲ್ಲಿ ಒಂದು ಬಾಲ್ ವಾಲ್ವ್, ಜತೆಗೆ ಗ್ಯಾಸ್ ಹಿಂದಕ್ಕೆ ಹರಿಯದ ಹಾಗೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್. ಅದು ಇಲ್ಲದಿದ್ದರೆ ಖಾಲಿ ಸಿಲಿಂಡರ್ ಬಿಚ್ಚಿದಾಗ ಉಳಿದ ಏಳರ ಗ್ಯಾಸ್ ಆ ಹೋಸಿನಲ್ಲಿ ಹೊರಗೆ ಬರುತ್ತದೆ. ಮ್ಯಾನಿಫೋಲ್ಡಿನಿಂದ ಹೊರಡುವಲ್ಲಿ ಒಂದು ಮುಖ್ಯ ವಾಲ್ವ್. ಅಡುಗೆ ಮನೆಗೆ ಬರುವ ಲೈನಿಗೆ ಇನ್ನೊಂದು, ಅದು ಬಾಗಿಲಿನ ಹೊರಗೆ, ಎದೆ ಎತ್ತರದಲ್ಲಿ, ಹಿಂದೆ ಅಕ್ಕಿ ಮೂಟೆ ಇಲ್ಲದ ಜಾಗದಲ್ಲಿ. ಒಲೆಯ ಹಿಂದೆ ಇಟ್ಟರೆ ಬೆಂಕಿಯೊಳಗೆ ಕೈ ಹಾಕಿ ಬಂದ್ ಮಾಡಬೇಕಾಗುತ್ತದೆ. ಪ್ರತಿ ಬರ್ನರಿಗೂ ಅದರದ್ದೇ ವಾಲ್ವ್.

ಎಲ್‌ಪಿಜಿ ಗಾಳಿಗಿಂತ ಭಾರ, ಒಂದು ಪಾಲು ದ್ರವ ಸುಮಾರು 250 ಪಾಲು ಗ್ಯಾಸ್ ಆಗುತ್ತದೆ, ನೆಲಮಟ್ಟದಲ್ಲಿ ಹರಿದು ಚರಂಡಿಗೆ ಇಳಿಯುತ್ತದೆ. ಸಿಲಿಂಡರ್ ಸಾಲಿನ ಹತ್ತಿರ ತೆರೆದ ಚರಂಡಿ ಇದ್ದರೆ ಮೊದಲು ಅದನ್ನು ಮುಚ್ಚಿಸಿ. ರಾತ್ರಿ ಹೋಟೆಲ್ ಬಾಗಿಲು ಹಾಕುವಾಗ ಮುಖ್ಯ ವಾಲ್ವನ್ನು ಮೊದಲು ಬಂದ್ ಮಾಡಿ, ಲೈನಿನಲ್ಲಿ ಉಳಿದ ಗ್ಯಾಸ್ ಉರಿದು ಒಲೆ ತಾನಾಗಿ ಆರಿದ ಮೇಲೆ ಬರ್ನರಿನ ವಾಲ್ವ್ ಬಂದ್ ಮಾಡಿ. ಬೆಳಿಗ್ಗೆ ತೆರೆಯುವಾಗ ಎಲ್ಲ ಬರ್ನರ್ ಬಂದ್ ಇವೆಯೇ ಎಂದು ನೋಡಿಕೊಂಡು ಮುಖ್ಯ ವಾಲ್ವ್.